ಸರ್ ಕೆ. ಶೇಷಾದ್ರಿ ಅಯ್ಯರ್ (1845–1901): ಮಾರಿಕಣಿವೆಯ ನೀರು, ಶಿವನಸಮುದ್ರದ ವಿದ್ಯುತ್ತು

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ನಿರ್ಮಿಸಲಾಗಿರುವ ವಾಣಿವಿಲಾಸ ಸಾಗರವನ್ನು ಜಿಲ್ಲೆಯ ಜನರು ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ. ಈ ಅಣೆಕಟ್ಟೆಯ ಕಾಮಗಾರಿಗೆ ಚಾಲನೆ ನೀಡಿದ ಮೈಸೂರು ಸಂಸ್ಥಾನದ ದಿವಾನರೇ ಶಿವನಸಮುದ್ರದ ಜಲವಿದ್ಯುತ್ ಯೋಜನೆಯನ್ನೂ ಕೈಗೊಂಡರೆಂಬ ಸಂಗತಿ ಅನೇಕರ ಗಮನಕ್ಕೆ ಬಂದಿಲ್ಲ. ಕಲ್ಲಿದ್ದಲಿನ ಗಣಿ ಒಂದೂ ಇಲ್ಲದ ಸಂಸ್ಥಾನದಲ್ಲಿ ಉದ್ದಿಮೆಗಳು ವೇಗವಾಗಿ ಬೆಳೆಯತೊಡಗಿದಾಗ, ಹೊರಗಿನಿಂದ ತರಿಸಬೇಕಾದ ಇಂಧನಕ್ಕೆ ಬದಲಾಗಿ ನಾಡಿನಲ್ಲೇ ಹರಿಯುವ ನೀರನ್ನು ದುಡಿಮೆಗೆ ಹಚ್ಚಿದ ಆಡಳಿತಗಾರರು ಇವರು. ಹೊಸ ವಿದ್ಯುತ್ ಸಂಪರ್ಕ, ನೀರಾವರಿ ಪಂಪ್‌ಸೆಟ್ ಹಾಗೂ ಮೇಲ್ಛಾವಣಿ ಸೌರ ಘಟಕಗಳಿಗಾಗಿ ಅರ್ಜಿ ಸಲ್ಲಿಸಲು ಬಯಸುವ ಸಾರ್ವಜನಿಕರ ಮಾಹಿತಿಗಾಗಿ ಇವರ ಜೀವನ ಮತ್ತು ಕಾರ್ಯದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಅವರು ದಿನಾಂಕ 1-6-1845ರಂದು ಅಂದಿನ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದ ಪಾಲಕ್ಕಾಡ್ ಬಳಿಯ ಕುಮಾರಪುರಂ ಗ್ರಾಮದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಅವರು ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಮಗುವು ಎಳೆಯ ವಯಸ್ಸಿನಲ್ಲಿದ್ದಾಗಲೇ ತಂದೆ ತೀರಿಕೊಂಡ ಕಾರಣ ಅಣ್ಣನ ಆಶ್ರಯದಲ್ಲಿ ಬೆಳೆಯಬೇಕಾಯಿತು. ಕಲ್ಲಿಕೋಟೆ ಮತ್ತು ತಿರುವನಂತಪುರಗಳಲ್ಲಿ ಶಾಲಾ ಶಿಕ್ಷಣ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1868ರಲ್ಲಿ ಬಿ.ಎ. ಪದವಿ ಪಡೆದರು. ಸರ್ಕಾರಿ ಸೇವೆಯಲ್ಲಿದ್ದುಕೊಂಡೇ 1874ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಮೈಸೂರಿನಲ್ಲಿ ಸೇವೆ

ಪದವಿ ಪಡೆದ ವರ್ಷವೇ ಅವರು ಮೈಸೂರಿಗೆ ಬಂದರು. ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಶಿರಸ್ತೇದಾರರಾಗಿ ಸೇವೆ ಆರಂಭಿಸಿ, ಮುಂದೆ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರ್ ಹುದ್ದೆಯವರೆಗೆ ಏರಿದರು. ಕಚೇರಿಯ ಕೆಳಹಂತದಿಂದ ಕಡತಗಳ ಮೂಲಕವೇ ನಾಡನ್ನು ಅರಿತವರಾದ್ದರಿಂದ ಕಂದಾಯ, ಕೆರೆ, ಕಾಡು, ನ್ಯಾಯಾಲಯ ಯಾವುದೂ ಅವರಿಗೆ ಹೊಸದಾಗಿರಲಿಲ್ಲ.

ಈ ಅವಧಿಯಲ್ಲಿ ಅವರು ಕಂಡ ಅತಿ ದೊಡ್ಡ ಘಟನೆ 1876–78ರ ಭೀಕರ ಕ್ಷಾಮ. ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನಸಂಖ್ಯೆಯಲ್ಲಿ ಸುಮಾರು 10 ಲಕ್ಷ ಜನರು ಈ ಕ್ಷಾಮದಲ್ಲಿ ಮಡಿದರೆಂದು ಅಂದಾಜಿಸಲಾಗಿದೆ. ಮಳೆ ಕಡಿಮೆ ಬೀಳುವ ಬಯಲುಸೀಮೆಯ ತಾಲ್ಲೂಕುಗಳು ಹೆಚ್ಚಿನ ನಷ್ಟ ಅನುಭವಿಸಿದವು. ಸಂಸ್ಥಾನದ ಬೊಕ್ಕಸ ಬರಿದಾಗಿ ಸಾಲದ ಹೊರೆ ಉಳಿಯಿತು.

1881ರ ಮಾರ್ಚ್‌ನಲ್ಲಿ ಆಡಳಿತವನ್ನು ಹತ್ತನೆಯ ಚಾಮರಾಜ ಒಡೆಯರ್ ಅವರಿಗೆ ಹಿಂತಿರುಗಿಸಲಾಯಿತು. ಮೊದಲ ದಿವಾನರಾದ ಸಿ. ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ನೇಮಕಗೊಂಡಾಗ ಶೇಷಾದ್ರಿ ಅಯ್ಯರ್ ಅವರಿಗೆ ಇನ್ನೂ 38 ವರ್ಷ ತುಂಬಿರಲಿಲ್ಲ. ಅಲ್ಲಿಂದ 1901ರವರೆಗೆ, 18 ವರ್ಷಗಳ ಕಾಲ ಅವರು ದಿವಾನರಾಗಿದ್ದರು. ಮೈಸೂರಿನಲ್ಲಿ ಬೇರೆ ಯಾವ ದಿವಾನರೂ ಕಮಿಷನರರ ಆಡಳಿತದ ನಂತರದ ಮೊದಲ ಐದು ದಶಕಗಳಲ್ಲಿ ಇಷ್ಟು ದೀರ್ಘಕಾಲ ಆ ಹುದ್ದೆಯಲ್ಲಿರಲಿಲ್ಲ.

ಬೊಕ್ಕಸದ ಸ್ಥಿತಿ

ದಿವಾನರ ಮುಂದಿದ್ದ ಲೆಕ್ಕ ಸುಲಭದ್ದಾಗಿರಲಿಲ್ಲ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಬ್ರಿಟಿಷ್ ಸರ್ಕಾರಕ್ಕೆ ವರ್ಷಂಪ್ರತಿ 24.5 ಲಕ್ಷ ರೂಪಾಯಿ ಪೊಗದಿ ಸಲ್ಲಿಸಬೇಕಾಗಿತ್ತು. 1881ರಲ್ಲಿ ಆಡಳಿತ ಹಿಂತಿರುಗಿಸುವಾಗ ಈ ಮೊತ್ತವನ್ನು 35 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಕ್ಷಾಮದ ಕಾರಣದಿಂದ ಹೆಚ್ಚುವರಿ ಮೊತ್ತದ ವಸೂಲಿಯನ್ನು ಮುಂದೂಡಲಾಗಿತ್ತಾದರೂ, 1896ರಿಂದ ಅದನ್ನು ಪೂರ್ಣವಾಗಿ ಕಟ್ಟಲೇಬೇಕಾಯಿತು. ಅಂದರೆ ಯಾವ ಪ್ರತಿಫಲವೂ ಇಲ್ಲದೆ ಪ್ರತಿ ವರ್ಷ ಇನ್ನೂ 10.5 ಲಕ್ಷ ರೂಪಾಯಿ ಹೊರಕ್ಕೆ ಹೋಗುವಂತಾಯಿತು.

ನಾಡಿನಿಂದ ಹೊರಕ್ಕೆ ಹರಿಯುವ ಹಣದ ವಿಷಯದಲ್ಲಿ ಶೇಷಾದ್ರಿ ಅಯ್ಯರ್ ಅವರು ತೋರಿದ ಜಾಗರೂಕತೆಗೆ ಈ ಹಿನ್ನೆಲೆ ಮುಖ್ಯವಾದುದು. ಅವರ ಆಡಳಿತವನ್ನು ವಿವರಿಸುವಾಗ ಸಾಮಾನ್ಯವಾಗಿ ಸುಧಾರಣೆಗಳ ದೊಡ್ಡ ಪಟ್ಟಿಯನ್ನೇ ನೀಡಲಾಗುತ್ತದೆ: 1891ರಲ್ಲಿ ಆರಂಭವಾದ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ, 1894ರ ಭೂವಿಜ್ಞಾನ ಇಲಾಖೆ, ಬೆಂಗಳೂರಿಗೆ ಹೆಸರಘಟ್ಟದಿಂದ ನೀರು ಸರಬರಾಜು, 1898ರ ಪ್ಲೇಗಿನ ವೇಳೆ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳ ರಚನೆ ಇತ್ಯಾದಿ. ಇವೆಲ್ಲವೂ ಸರಿಯೇ. ಆದರೆ ವೆಚ್ಚದಲ್ಲಿ ಯಾವುದು ವರ್ಷ ವರ್ಷವೂ ಮರಳಿ ಬರುವಂಥದು, ಯಾವುದು ಒಮ್ಮೆ ಮಾಡಿದರೆ ಮುಗಿಯುವಂಥದು ಎಂಬುದನ್ನು ಬೇರ್ಪಡಿಸಿ ನೋಡುವ ದೃಷ್ಟಿ ಅವರ ಎಲ್ಲ ಕಾಮಗಾರಿಗಳಲ್ಲಿಯೂ ಕಂಡುಬರುತ್ತದೆ. ಇಂದಿನ ಆಯವ್ಯಯ ಪತ್ರಗಳ ಭಾಷೆಯಲ್ಲಿ ಹೇಳುವುದಾದರೆ ಇದು ರಾಜಸ್ವ ವೆಚ್ಚ ಮತ್ತು ಬಂಡವಾಳ ವೆಚ್ಚಗಳ ನಡುವಿನ ವ್ಯತ್ಯಾಸ. ಶಿವನಸಮುದ್ರದಲ್ಲಿ ನಡೆದುದು ಮುಖ್ಯವಾಗಿ ಇದೇ.

ರೈಲು, ಚಿನ್ನ ಮತ್ತು ಕಲ್ಲಿದ್ದಲು

1880ರ ದಶಕದಲ್ಲಿ ಮೈಸೂರಿನ ಆರ್ಥಿಕ ಚಟುವಟಿಕೆ ವೇಗ ಪಡೆಯಿತು. ಬೆಂಗಳೂರಿನಿಂದ ಹೊರಟ ರೈಲು ಮಾರ್ಗವು ತುಮಕೂರು, ಅರಸೀಕೆರೆ, ಬೀರೂರುಗಳ ಮೂಲಕ 1889ರಲ್ಲಿ ಹರಿಹರವನ್ನು ತಲುಪಿತು. ಹೊಸದುರ್ಗ ರಸ್ತೆ ನಿಲ್ದಾಣ ಹಾಗೂ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ಬಿ.ದುರ್ಗ, ಚಿಕ್ಕಜಾಜೂರು ಭಾಗದ ರೈತರು ತಮ್ಮ ಫಸಲನ್ನು ದೂರದ ಮಾರುಕಟ್ಟೆಗೆ ಸಾಗಿಸಲು ರೈಲಿನ ಅನುಕೂಲ ದೊರೆತದ್ದು ಈ ಮಾರ್ಗದಿಂದ. ಚಿತ್ರದುರ್ಗ ಪಟ್ಟಣಕ್ಕೆ ಚಿಕ್ಕಜಾಜೂರಿನಿಂದ ಕವಲು ಮಾರ್ಗ ಬಂದದ್ದು ಮಾತ್ರ ದಿವಾನರ ಕಾಲವಾದ ಬಹಳ ವರ್ಷಗಳ ನಂತರ. ಕ್ಷಾಮದ ವೇಳೆ ಧಾನ್ಯ ಸಾಗಿಸಲಾಗದೆ ಜನರು ಸತ್ತದ್ದನ್ನು ಕಂಡಿದ್ದ ಅಧಿಕಾರಿಗಳು ರೈಲಿಗೆ ಆದ್ಯತೆ ನೀಡಿದ್ದು ಸಹಜ. ಆದರೆ ರೈಲು ಎಂಜಿನ್ನಿಗೂ ಇಂಧನ ಬೇಕು. ಹೊಸ ಗಿರಣಿಗಳ ಉಗಿಯಂತ್ರಕ್ಕೂ ಬೇಕು.

ಎಲ್ಲಕ್ಕಿಂತ ಹೆಚ್ಚಿನ ಇಂಧನ ಬೇಕಾದುದು ಕೋಲಾರದ ಚಿನ್ನದ ಗಣಿಗಳಿಗೆ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಈ ಗಣಿಗಳು 1880ರ ದಶಕದಲ್ಲಿ ಸಮೃದ್ಧ ಅದಿರನ್ನು ಮುಟ್ಟಿದವು. ತೆಗೆದ ಚಿನ್ನದ ಮೌಲ್ಯದ ಮೇಲೆ ಸಂಸ್ಥಾನಕ್ಕೆ ಶೇಕಡ 5ರ ರಾಜಧನ ಬರುತ್ತಿತ್ತು. ಗಣಿ ಆಳಕ್ಕಿಳಿದಷ್ಟೂ ಅದಿರನ್ನು ಮೇಲೆತ್ತಲು, ನೀರನ್ನು ಹೊರಹಾಕಲು, ಒಳಗೆ ಗಾಳಿ ಒತ್ತಲು, ಕಲ್ಲನ್ನು ಕುಟ್ಟಿ ಪುಡಿಮಾಡಲು ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಈ ಶಕ್ತಿಯೆಲ್ಲವೂ ಸೌದೆ ಮತ್ತು ಕಲ್ಲಿದ್ದಲಿನಿಂದ ನಡೆಯುವ ಉಗಿಯಂತ್ರಗಳಿಂದ ದೊರೆಯುತ್ತಿತ್ತು. ಸೌದೆಗಾಗಿ ಸುತ್ತಲಿನ ಕಾಡು ಬರಿದಾಗುತ್ತಿತ್ತು. ಕಲ್ಲಿದ್ದಲು ಸಂಸ್ಥಾನದ ಎಲ್ಲೆಯಾಚೆಯಿಂದ ಬರಬೇಕಿತ್ತು. ಅದರ ಬೆಲೆ, ಸಾಗಾಣಿಕೆ ದರ, ವೇಳೆಗೆ ಸರಿಯಾಗಿ ಬರುವುದು ಇವುಗಳಲ್ಲಿ ಯಾವುದೂ ಮೈಸೂರಿನ ಕೈಯಲ್ಲಿರಲಿಲ್ಲ.

ಹೀಗೆ ಸಂಸ್ಥಾನದ ಆದಾಯದ ಒಂದು ಮುಖ್ಯ ಮೂಲವು ಹೊರಗಿನ ಇಂಧನವನ್ನು ಅವಲಂಬಿಸಿತ್ತು. ಇಂಧನ ದುಬಾರಿಯಾದರೆ ಬಡ ಅದಿರನ್ನು ತೆಗೆಯುವುದು ಲಾಭಕರವಾಗದೆ ಗಣಿಯ ಆಯುಷ್ಯ ಕುಗ್ಗುತ್ತಿತ್ತು. ಅದರೊಂದಿಗೆ ರಾಜಧನವೂ ಕುಗ್ಗುತ್ತಿತ್ತು.

ಶಿವನಸಮುದ್ರದ ನಿರ್ಧಾರ

ಕಾವೇರಿ ನದಿಯು ಶಿವನಸಮುದ್ರದಲ್ಲಿ ಎರಡು ಕವಲಾಗಿ ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳಲ್ಲಿ ಧುಮುಕುತ್ತದೆ. ಕೆಲವೇ ಮೈಲಿಗಳ ಅಂತರದಲ್ಲಿ ನೀರು ಸುಮಾರು 400 ಅಡಿ ಕೆಳಗಿಳಿಯುತ್ತದೆ. ಈ ಬೀಳುವ ನೀರಿನಿಂದ ಯಂತ್ರ ನಡೆಸಬಹುದೆಂಬ ಪ್ರಸ್ತಾವನೆಗಳು 1890ರ ದಶಕದಲ್ಲಿಯೇ ಬಂದಿದ್ದವು. ತೊಡಕು ಇದ್ದುದು ದೂರದಲ್ಲಿ. ಜಲಪಾತದ ಬಳಿ ಉದ್ದಿಮೆ ಇರಲಿಲ್ಲ. ಉದ್ದಿಮೆ ಇದ್ದ ಕೋಲಾರದ ಗಣಿಗಳು 92 ಮೈಲಿ ಆಚೆ ಇದ್ದವು. ಅಮೆರಿಕಾದ ನಯಾಗರ ಜಲಪಾತದಿಂದ ಬಫಲೋ ನಗರಕ್ಕೆ ವಿದ್ಯುತ್ ಸಾಗಿಸಿದ್ದು 1896ರಲ್ಲಿ. ಅಲ್ಲಿನ ದೂರ ಇದರ ಮೂರನೆಯ ಒಂದು ಭಾಗದಷ್ಟೂ ಇರಲಿಲ್ಲ.

ಸಂಸ್ಥಾನದಲ್ಲಿ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿ ಎ. ಜೋಲಿ ಡಿ ಲಾಟ್‌ಬಿನಿಯೆರ್ ಅವರು, ನೀರಿನ ಶಕ್ತಿಯನ್ನು ವಿದ್ಯುತ್ತಾಗಿ ಪರಿವರ್ತಿಸಿ ತಂತಿಯ ಮೂಲಕ ಗಣಿಗಳಿಗೇ ತಲುಪಿಸುವ ಯೋಜನೆಯನ್ನು ಮುಂದಿಟ್ಟರು. ದಿವಾನರು ಅವರನ್ನು ಯೂರೋಪ್ ಮತ್ತು ಅಮೆರಿಕಾಗಳಿಗೆ ಕಳುಹಿಸಿ, ಅಲ್ಲಿ ನಡೆಯುತ್ತಿದ್ದ ಸ್ಥಾವರಗಳನ್ನು ಪರಿಶೀಲಿಸಿ ವರದಿ ನೀಡುವಂತೆ ಮಾಡಿದರು.

ಶೇಷಾದ್ರಿ ಅಯ್ಯರ್ ಅವರ ಪಾತ್ರ ತಾಂತ್ರಿಕವಾದುದಲ್ಲ. ಅವರು ಎಂಜಿನಿಯರರಲ್ಲ; ಯಂತ್ರದ ವಿನ್ಯಾಸ ಅವರದಲ್ಲ. ಅವರು ನಿರ್ವಹಿಸಿದ್ದು ಕಡತದ ಮೂರು ಕಠಿಣ ಕೆಲಸಗಳನ್ನು. ಮೊದಲನೆಯದಾಗಿ, ಯೋಜನೆಯನ್ನು ಖಾಸಗಿಯವರಿಗೆ ಬಿಟ್ಟುಕೊಡದೆ ಸಂಸ್ಥಾನದ ಬಂಡವಾಳದಿಂದಲೇ ಕೈಗೊಳ್ಳುವ ನಿರ್ಧಾರ. ಇದರಿಂದ ನದಿಯ ನೀರಿನ ಮೇಲಿನ ಹತೋಟಿ ಹಾಗೂ ವಿದ್ಯುತ್ ಮಾರಾಟದ ಲಾಭ ಎರಡೂ ನಾಡಿನಲ್ಲೇ ಉಳಿದವು. ಎರಡನೆಯದಾಗಿ, ಜಲಪಾತದ ಒಂದು ದಡ ಮದರಾಸು ಪ್ರಾಂತ್ಯದ ಕೊಳ್ಳೇಗಾಲಕ್ಕೆ ಸೇರಿದ್ದರಿಂದ ಆ ಸರ್ಕಾರದ ಒಪ್ಪಿಗೆ ಪಡೆಯುವುದು. ಕಾವೇರಿಯ ವಿಷಯದಲ್ಲಿ ಎರಡು ಸರ್ಕಾರಗಳ ನಡುವೆ ಅಂದೂ ಮಾತುಕತೆ ಸುಗಮವಾಗಿರಲಿಲ್ಲ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಕಾಮಗಾರಿ ಆರಂಭಿಸುವ ಮೊದಲೇ ಗಣಿ ಕಂಪನಿಗಳೊಂದಿಗೆ ಖರೀದಿ ಒಪ್ಪಂದ ಮಾಡಿಕೊಂಡದ್ದು. ಮೊದಲ ವರ್ಷ ಹೆಚ್ಚಿನ ದರ, ನಂತರದ ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯುವ ದರ ಎಂಬ ಕ್ರಮವನ್ನು ಗೊತ್ತುಪಡಿಸಲಾಯಿತು. ಬಂಡವಾಳ ಬೇಗ ವಾಪಸಾಗುವಂತೆ ಸಂಸ್ಥಾನಕ್ಕೂ, ಮುಂದೆ ಇಂಧನ ವೆಚ್ಚ ತಗ್ಗುವಂತೆ ಗಣಿಗಳಿಗೂ ಇದು ಅನುಕೂಲವಾಗಿತ್ತು. ಪವನ ಮತ್ತು ಸೌರ ಘಟಕಗಳಿಗೆ ಇಂದು ಸಹಿ ಮಾಡಲಾಗುವ ವಿದ್ಯುತ್ ಖರೀದಿ ಒಪ್ಪಂದಗಳ ತಳಹದಿಯೂ ಇದೇ ಆಗಿದೆ. ಕೊಳ್ಳುವವರು ಖಚಿತವಾಗದೆ ಹಣ ಹೂಡುವಷ್ಟು ಶ್ರೀಮಂತಿಕೆ ಮೈಸೂರಿಗೆ ಇರಲಿಲ್ಲ.

ಆಮದಿನ ಸ್ವರೂಪ

ಈ ಯೋಜನೆಯಿಂದ ಮೈಸೂರು ಆಮದಿನಿಂದ ಸಂಪೂರ್ಣ ಮುಕ್ತವಾಯಿತೆಂದು ಭಾವಿಸುವುದು ಸರಿಯಲ್ಲ. ವಿದ್ಯುತ್ ಯಂತ್ರಗಳು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದವು. ಹಡಗಿನಲ್ಲಿ ಬಂದ ಭಾರೀ ಯಂತ್ರಭಾಗಗಳನ್ನು ಮದ್ದೂರು ರೈಲು ನಿಲ್ದಾಣದಲ್ಲಿ ಇಳಿಸಿ, ಅಲ್ಲಿಂದ ಶಿವನಸಮುದ್ರಕ್ಕೆ ಆನೆ ಹಾಗೂ ಎತ್ತುಗಳ ಬಂಡಿಗಳಲ್ಲಿ ಸಾಗಿಸಲಾಯಿತು. ಪರಿಣತ ಎಂಜಿನಿಯರರೂ ಹೊರದೇಶದವರೇ ಆಗಿದ್ದರು.

ಆದರೆ ಈ ಆಮದು ಕಲ್ಲಿದ್ದಲಿನ ಆಮದಿನಂತಲ್ಲ. ಕಲ್ಲಿದ್ದಲನ್ನು ಇಂದು ಕೊಂಡರೆ ನಾಳೆ ಬೂದಿ. ಮರುದಿನ ಮತ್ತೆ ಕೊಳ್ಳಬೇಕು, ಅದೂ ಮಾರುವವರು ಹೇಳಿದ ಬೆಲೆಗೆ. ಯಂತ್ರವನ್ನು ಒಮ್ಮೆ ಕೊಂಡರೆ ದಶಕಗಳ ಕಾಲ ದುಡಿಯುತ್ತದೆ. ಅದನ್ನು ತಿರುಗಿಸುವ ನೀರಿಗೆ ಯಾರಿಗೂ ಹಣ ಕಟ್ಟಬೇಕಾಗಿಲ್ಲ. ಮಾರಿದವರು ನಾಳೆ ಮುನಿಸಿಕೊಂಡರೂ ಚಕ್ರ ನಿಲ್ಲುವುದಿಲ್ಲ. ಇಂಧನದ ಅವಲಂಬನೆ ಮತ್ತು ಯಂತ್ರದ ಅವಲಂಬನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಈ ಅಂಶವು ಸೌರ ಫಲಕಗಳು ವಿದೇಶದಿಂದ ಬರುತ್ತವೆ ಎಂಬ ಇಂದಿನ ಆಕ್ಷೇಪಕ್ಕೂ ಅನ್ವಯಿಸುತ್ತದೆ. ಹಾಗೆಂದು ಆಕ್ಷೇಪ ನಿರಾಧಾರವೂ ಅಲ್ಲ. ಬಿಡಿಭಾಗ ಮತ್ತು ದುರಸ್ತಿಗೆ ಹೊರಗಿನವರನ್ನು ನೋಡಬೇಕಾದ ಸ್ಥಿತಿ ಶಿವನಸಮುದ್ರದಲ್ಲಿಯೂ ಬಹುಕಾಲ ಇತ್ತು. ಸ್ಥಳೀಯ ಎಂಜಿನಿಯರರು ಮತ್ತು ಕುಶಲಕರ್ಮಿಗಳು ತರಬೇತಿ ಹೊಂದಿದಂತೆಲ್ಲಾ ಅದು ತಗ್ಗಿತು.

ಶಿವನಸಮುದ್ರವನ್ನು ಭಾರತದ ಅಥವಾ ಏಷ್ಯಾದ ಪ್ರಪ್ರಥಮ ಜಲವಿದ್ಯುತ್ ಕೇಂದ್ರವೆಂದು ಹಲವೆಡೆ ಬರೆಯಲಾಗುತ್ತಿದೆ. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲಿಯೇ ಚಿಕ್ಕ ಕೇಂದ್ರವೊಂದು ಆರಂಭವಾಗಿತ್ತು. ಜಪಾನಿನಲ್ಲಿ ಅದಕ್ಕೂ ಮೊದಲೇ ಇತ್ತು. ಶಿವನಸಮುದ್ರದ ನಿಜವಾದ ಹಿರಿಮೆ ಇರುವುದು ಉದ್ದಿಮೆಯೊಂದನ್ನೇ ನಡೆಸುವಷ್ಟು ಪ್ರಮಾಣದ ವಿದ್ಯುತ್ತನ್ನು ಅಷ್ಟು ದೂರ ಸಾಗಿಸಿದ್ದರಲ್ಲಿ. ಆ ಕಾಲದಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು.

ಮಾರಿಕಣಿವೆ

ಇದೇ ವರ್ಷಗಳಲ್ಲಿ ದಿವಾನರು ಹಿರಿಯೂರಿನ ಕಡೆಗೂ ಗಮನ ಹರಿಸಿದರು. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟಿ ಕಡೂರು, ಹೊಸದುರ್ಗ ತಾಲ್ಲೂಕುಗಳನ್ನು ದಾಟಿ ಬರುವ ವೇದಾವತಿಯು ಹಿರಿಯೂರಿನ ಮೇಲ್ಭಾಗದಲ್ಲಿ ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ನುಗ್ಗುತ್ತದೆ. ಕಣಿವೆ ಮಾರಮ್ಮನ ಸನ್ನಿಧಿಯಿರುವ ಈ ಸ್ಥಳದಲ್ಲಿ ಸುಮಾರು 1,330 ಅಡಿ ಉದ್ದ, 142 ಅಡಿ ಎತ್ತರದ ಕಲ್ಲಿನ ಅಣೆಕಟ್ಟೆಯನ್ನು ಕಟ್ಟುವ ಕಾಮಗಾರಿ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆರಂಭವಾಯಿತು. ಸುಮಾರು 30 ಟಿ.ಎಂ.ಸಿ. ನೀರು ನಿಲ್ಲಿಸಬಲ್ಲ ಜಲಾಶಯ ಇದು. ಶಿವನಸಮುದ್ರಕ್ಕೆ ವಿರುದ್ಧವಾಗಿ ಇಲ್ಲಿ ಹೊರದೇಶದಿಂದ ಬರಬೇಕಾದುದು ಅತ್ಯಲ್ಪ. ಕಲ್ಲು, ಸುಣ್ಣದ ಗಾರೆ, ಕೂಲಿ ಎಲ್ಲವೂ ನಾಡಿನದೇ. 1894ರಲ್ಲಿ ಚಾಮರಾಜ ಒಡೆಯರ್ ಅವರು ನಿಧನರಾದ ನಂತರ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರನ್ನು ಜಲಾಶಯಕ್ಕೆ ಇಡಲಾಯಿತು.

ಈ ಕಾಮಗಾರಿಯ ಉದ್ದೇಶ ಲಾಭವಲ್ಲ, ಕ್ಷಾಮ ನಿವಾರಣೆ. ಮಳೆಯನ್ನೇ ನೆಚ್ಚಿದ ತಾಲ್ಲೂಕಿಗೆ ಒಂದು ವರ್ಷದ ನೀರನ್ನು ಇನ್ನೊಂದು ವರ್ಷಕ್ಕೆ ಕಾದಿಡುವ ವ್ಯವಸ್ಥೆ ಬೇಕಾಗಿತ್ತು. ವಿದ್ಯುತ್ ಉತ್ಪಾದನೆಯ ವಿಚಾರ ಇಲ್ಲಿರಲಿಲ್ಲ. ಒಂದು ಕಡೆ ಸಂಗ್ರಹಣೆ ಇಲ್ಲದ ವಿದ್ಯುತ್ತು, ಇನ್ನೊಂದು ಕಡೆ ವಿದ್ಯುತ್ತಿಲ್ಲದ ಸಂಗ್ರಹಣೆ, ಇವೆರಡೂ ಒಂದೇ ಕಚೇರಿಯಿಂದ ಹೊರಟ ಆದೇಶಗಳು. ಶಿವನಸಮುದ್ರದಲ್ಲಿ ಹರಿಯುವ ನೀರನ್ನು ಹಾಗೆಯೇ ತಿರುಗಿಸಿಕೊಳ್ಳಲಾಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಏನೆಂಬ ಪ್ರಶ್ನೆಗೆ ಅವರ ಕಾಲದಲ್ಲಿ ಪೂರ್ಣ ಉತ್ತರ ದೊರೆಯಲಿಲ್ಲ.

ಟೀಕೆಗಳು

ಶೇಷಾದ್ರಿ ಅಯ್ಯರ್ ಅವರ ಆಡಳಿತವನ್ನು ಅಂದಿನ ಪತ್ರಿಕೆಗಳು ಕಟುವಾಗಿ ಟೀಕಿಸಿದವು. ಉನ್ನತ ಹುದ್ದೆಗಳಿಗೆ ಮದರಾಸು ಪ್ರಾಂತ್ಯದವರನ್ನು ಹೆಚ್ಚಾಗಿ ನೇಮಿಸುತ್ತಾರೆ, ಮೈಸೂರಿನವರಿಗೆ ಅವಕಾಶ ಸಾಲದು ಎಂಬುದು ಮುಖ್ಯ ದೂರು. ಅಧಿಕಾರವನ್ನೆಲ್ಲಾ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ ಎಂಬ ಮಾತೂ ಇತ್ತು. ಈ ದೂರುಗಳಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. 1891ರಿಂದ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಪದ್ಧತಿ ಬಂದರೂ ಸಭೆಗೆ ನಿರ್ಧಾರ ಮಾಡುವ ಅಧಿಕಾರ ದೊರೆಯಲಿಲ್ಲ.

ವಿದ್ಯುತ್ ಯೋಜನೆಯ ವಿಷಯದಲ್ಲಿಯೂ ಒಂದು ನ್ಯಾಯವಾದ ಪ್ರಶ್ನೆ ಉಳಿಯುತ್ತದೆ. ಪ್ರಜೆಗಳ ಕಂದಾಯದ ಹಣದಿಂದ ತಯಾರಾದ ವಿದ್ಯುತ್ತು ಮೊದಲು ಹೋದದ್ದು ವಿದೇಶಿ ಷೇರುದಾರರ ಗಣಿಗೆ; ರೈತನ ಬಾವಿಗಲ್ಲ, ಬಡವನ ಮನೆಗಲ್ಲ. ತಂತಿಯ ಮಾರ್ಗ ಹಾದುಹೋದ ಹಳ್ಳಿಗಳು ಕತ್ತಲೆಯಲ್ಲೇ ಉಳಿದವು. ಹಣ ಕೊಡಬಲ್ಲ ದೊಡ್ಡ ಗ್ರಾಹಕರಿಲ್ಲದೆ ಯೋಜನೆ ನಿಲ್ಲುತ್ತಿರಲಿಲ್ಲ ಎಂಬುದು ಆಡಳಿತದ ಸಮರ್ಥನೆಯಾಗಬಹುದು. ಆ ಲಾಭ ಮುಂದೆ ಬೆಂಗಳೂರು, ಮೈಸೂರು ನಗರಗಳ ದೀಪಗಳಿಗೂ ಗಿರಣಿಗಳಿಗೂ ದಾರಿಯಾದದ್ದು ನಿಜ. ಗ್ರಾಮಗಳ ಸರದಿ ಬರಲು ಮಾತ್ರ ಇನ್ನೂ ಹಲವು ದಶಕಗಳು ಬೇಕಾದವು.

ಕೊನೆಯ ದಿನಗಳು

ಬ್ರಿಟಿಷ್ ಸರ್ಕಾರವು 1893ರಲ್ಲಿ ಅವರಿಗೆ ಕೆ.ಸಿ.ಎಸ್.ಐ. ಬಿರುದು ನೀಡಿತ್ತು. ಮಹಾರಾಜರ ನಿಧನ, ಪ್ಲೇಗು, ಎರಡು ದೊಡ್ಡ ಕಾಮಗಾರಿಗಳ ಹೊಣೆ ಇವುಗಳ ನಡುವೆ ಆರೋಗ್ಯ ಕೆಟ್ಟಿತು. 1901ರ ಮಾರ್ಚ್‌ನಲ್ಲಿ ದಿವಾನಗಿರಿಯಿಂದ ನಿವೃತ್ತರಾದ ಅವರು ದಿನಾಂಕ 13-9-1901ರಂದು ನಿಧನರಾದರು. ಆಗ ಅವರಿಗೆ 56 ವರ್ಷ. ಶಿವನಸಮುದ್ರದ ಚಕ್ರಗಳು ಇನ್ನೂ ತಿರುಗಿರಲಿಲ್ಲ. ಮಾರಿಕಣಿವೆಯ ಗೋಡೆ ಇನ್ನೂ ಮೇಲೇಳುತ್ತಿತ್ತು.

ನಂತರದ ಬೆಳವಣಿಗೆಗಳು

ದಿನಾಂಕ 30-6-1902ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. ಆರಂಭದಲ್ಲಿದ್ದುದು ತಲಾ 720 ಕಿಲೋವ್ಯಾಟ್‌ನ 6 ಯಂತ್ರಗಳು. ಒಟ್ಟು 4,320 ಕಿಲೋವ್ಯಾಟ್. ಇಂದು ಗುಡ್ಡದ ಮೇಲೆ ನಿಲ್ಲಿಸಲಾಗುವ ಎರಡು ದೊಡ್ಡ ಗಾಳಿ ಯಂತ್ರಗಳ ಸ್ಥಾಪಿತ ಸಾಮರ್ಥ್ಯ ಸುಮಾರು ಇಷ್ಟೇ ಇರುತ್ತದೆ. ಗಣಿಗಳ ಬೇಡಿಕೆ ಹೆಚ್ಚಿದಂತೆ ಯಂತ್ರಗಳನ್ನು ಹೆಚ್ಚಿಸುತ್ತಾ ಹೋಗಲಾಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರು ನಗರಕ್ಕೆ ವಿದ್ಯುತ್ ದೀಪ ಬಂದಿತು. 1907ರಲ್ಲಿ ವಾಣಿವಿಲಾಸ ಸಾಗರದ ನಿರ್ಮಾಣ ಪೂರ್ಣಗೊಂಡಿತು.

ಬೇಸಿಗೆಯ ನೀರಿನ ಕೊರತೆ ನಿರೀಕ್ಷೆಯಂತೆ ಎದುರಾಯಿತು. ಗಣಿಗಳಿಗೆ ವರ್ಷವಿಡೀ ವಿದ್ಯುತ್ ನೀಡುವ ಒಪ್ಪಂದವಿದ್ದುದರಿಂದ ಮೇಲ್ಭಾಗದಲ್ಲಿ ನೀರನ್ನು ಕಾದಿಡುವುದು ಅನಿವಾರ್ಯವಾಯಿತು. 1911ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆ, ಅಂದರೆ ಕೃಷ್ಣರಾಜ ಸಾಗರ, ನೀರಾವರಿಯೊಂದಿಗೆ ಈ ಅಗತ್ಯವನ್ನೂ ಪೂರೈಸಿತು. ಶೇಷಾದ್ರಿ ಅಯ್ಯರ್ ಅವರು ಬೇರೆ ಬೇರೆಯಾಗಿ ಕೈಗೊಂಡ ಎರಡು ಕೆಲಸಗಳು, ಸಂಗ್ರಹಣೆ ಮತ್ತು ಉತ್ಪಾದನೆ, ಒಂದೇ ನದಿಯಲ್ಲಿ ಕೂಡಿದ್ದು ಅಲ್ಲಿ. ಮುಂದೆ ಶಿಂಷಾ, 1948ರಲ್ಲಿ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ, 1960ರ ದಶಕದಲ್ಲಿ ಶರಾವತಿ ಯೋಜನೆಗಳು ಬಂದವು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶರಾವತಿ ಯೋಜನೆಯನ್ನು ಉದ್ಘಾಟಿಸಿದಾಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ನಡೆಸಿದ್ದ ಎಸ್. ನಿಜಲಿಂಗಪ್ಪನವರು. 1980ರ ದಶಕದವರೆಗೆ ರಾಜ್ಯದ ವಿದ್ಯುತ್ತು ಬಹುಪಾಲು ನೀರಿನಿಂದಲೇ ಬರುತ್ತಿತ್ತು.

ಬೇಡಿಕೆ ಮಾತ್ರ ನದಿಗಳ ಶಕ್ತಿಯನ್ನು ಮೀರಿ ಬೆಳೆಯಿತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದಂದಿನಿಂದ ರಾಜ್ಯವು ಪುನಃ ಹೊರಗಿನ ಕಲ್ಲಿದ್ದಲಿಗೆ ಮುಖ ಮಾಡಬೇಕಾಯಿತು. ಈ ಕಲ್ಲಿದ್ದಲು ಸಿಂಗರೇಣಿ ಮತ್ತಿತರ ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ದೇಶದ ಮಟ್ಟದಲ್ಲಿ ಕಚ್ಚಾ ತೈಲದ ಅಗತ್ಯದ ಶೇಕಡ 85ಕ್ಕೂ ಹೆಚ್ಚು ಭಾಗವನ್ನು ವಿದೇಶಗಳಿಂದ ತರಿಸಲಾಗುತ್ತಿದೆ. ಡೀಸೆಲ್ ಪಂಪ್ ಇಟ್ಟುಕೊಂಡ ರೈತರು ಈ ಲೆಕ್ಕವನ್ನು ಪ್ರತಿ ಬೇಸಿಗೆಯಲ್ಲಿಯೂ ತಮ್ಮ ಜೇಬಿನಿಂದಲೇ ಕಟ್ಟುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯಗಳ ನೀರು ತಗ್ಗಿ, ಪಂಪ್‌ಸೆಟ್ ಬಳಕೆ ಏರಿ, ಕೊರತೆ ತಲೆದೋರಿದ್ದು ಎಲ್ಲರ ನೆನಪಿನಲ್ಲಿದೆ.

ಚಿತ್ರದುರ್ಗ ಜಿಲ್ಲೆಗೆ ಧುಮುಕುವ ಜಲಪಾತಗಳಿಲ್ಲ. ಗಾಳಿ ಮತ್ತು ಬಿಸಿಲು ಹೇರಳವಾಗಿವೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಗುಡ್ಡಸಾಲುಗಳ ಮೇಲೆ ಕಳೆದ ಎರಡೂವರೆ ದಶಕಗಳಿಂದ ಗಾಳಿ ಯಂತ್ರಗಳು ಸ್ಥಾಪನೆಯಾಗುತ್ತಾ ಬಂದಿವೆ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ನಿರ್ಮಿಸಲಾಗಿದೆ. ಮುಂಗಾರಿನಲ್ಲಿ ಗಾಳಿ ಬಲವಾಗಿದ್ದು ಬಿಸಿಲು ಕಡಿಮೆ. ಬೇಸಿಗೆಯಲ್ಲಿ ಬಿಸಿಲು ಹೆಚ್ಚು. ಇವೆರಡೂ ಇಲ್ಲದ ಸಂಜೆಯ ವೇಳೆಗೆ ಶರಾವತಿಯಂತಹ ಜಲಾಶಯಗಳ ನೀರನ್ನು ಉಳಿಸಿಟ್ಟುಕೊಂಡು ಬಳಸಬಹುದಾಗಿದೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬಗೆಹರಿಯದೆ ಉಳಿದ ಸಂಗ್ರಹಣೆಯ ಪ್ರಶ್ನೆಯೇ ಈಗಲೂ ಯೋಜನೆಗಳ ಮುಂದಿರುವ ಮುಖ್ಯ ಪ್ರಶ್ನೆ.

ಮನೆಗಳ ಮಟ್ಟದಲ್ಲಿ, 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಡಿ ಮೇಲ್ಛಾವಣಿ ಸೌರ ಘಟಕಕ್ಕೆ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಹಾಗೂ ಮೇಲ್ಪಟ್ಟ ಘಟಕಗಳಿಗೆ ಗರಿಷ್ಠ 78,000 ರೂಪಾಯಿ ಸಹಾಯಧನವನ್ನು ಕೇಂದ್ರ ಸರ್ಕಾರ ನಿಗದಿಪಡಿಸಿತು. ಚಿತ್ರದುರ್ಗ ಜಿಲ್ಲೆಯು ಬೆಸ್ಕಾಂ ವ್ಯಾಪ್ತಿಗೆ ಸೇರಿರುವುದರಿಂದ ಗ್ರಾಹಕರು ತಮ್ಮ ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೊಂದಿಗೆ ಸಂಬಂಧಪಟ್ಟ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ, ಪ್ರಸ್ತುತ ನಿಯಮಗಳನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸುವುದು.

ಸ್ಮಾರಕಗಳು

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರು ಅನಾವರಣಗೊಳಿಸಿದರು. ಅದರ ಹಿಂಭಾಗದಲ್ಲಿ ಅವರ ಹೆಸರಿನಲ್ಲಿ ನಿರ್ಮಿಸಲಾದ ಕೆಂಪು ಬಣ್ಣದ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಶೇಷಾದ್ರಿಪುರಂ ಬಡಾವಣೆಗೂ ಅವರ ಹೆಸರೇ. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಗಿದ್ದು, ಅದರ ಸಾಮರ್ಥ್ಯವನ್ನು ಕಾಲಾನಂತರದಲ್ಲಿ 42 ಮೆಗಾವ್ಯಾಟ್‌ಗೆ ಹೆಚ್ಚಿಸಲಾಯಿತು. ಅದರ ಮೊದಲ ಗ್ರಾಹಕರಾದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು.

ಹಿರಿಯೂರಿನ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ನಂತರ 89 ವರ್ಷಗಳ ಕಾಲ ತುಂಬಲೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೋಡಿ ಬಿತ್ತು. ಅದಕ್ಕೆ ಆ ವರ್ಷದ ಉತ್ತಮ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಕಾರಣವಾಯಿತು. 2019ರಿಂದ ಭದ್ರಾ ಜಲಾಶಯದ ನೀರನ್ನು ಶಾಂತಿಪುರ ಹಾಗೂ ಬೆಟ್ಟದತಾವರೆಕೆರೆಯ ಪಂಪ್‌ಹೌಸ್‌ಗಳಲ್ಲಿ ವಿದ್ಯುತ್ ಮೋಟಾರುಗಳಿಂದ ಮೇಲೆತ್ತಿ, ಅಜ್ಜಂಪುರದ ಸುರಂಗದ ಮೂಲಕ ವೇದಾವತಿಗೆ ಬಿಟ್ಟು ಮಾರಿಕಣಿವೆಗೆ ಹರಿಸಲಾಗುತ್ತಿದೆ.